ಅಮ್ಮನಿಗೆ ಮೆಡಿಸಿನ್ ಡಾಕ್ಟರ್ ಬೇಕು, ಬೋರ್ಡಿನಲ್ಲಿರುವ ಎಂ.ಡಿ. ಯಾವ ಎಂ.ಡಿ. ಅಂತ ನೋಡುವುದು ಹೇಗೆ?

ಶಂಕರಪುರ ಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಪು ಹತ್ತಿರ. ಅಮ್ಮನಿಗೆ 67. ಬಿಪಿ, ಶುಗರ್, ಥೈರಾಯ್ಡ್ ಮೂರೂ ಉಂಟು, ಈಗ ಮಂಡಿ ನೋವು ಬೇರೆ. ಇಷ್ಟು ವರ್ಷ ಊರಿನ ಡಾಕ್ಟರೇ ಎಲ್ಲ ನೋಡುತ್ತಿದ್ದರು. ಅವರಿಗೆ ವಯಸ್ಸಾಯಿತು, ಕ್ಲಿನಿಕ್ ಮುಚ್ಚಿ ಮಗನ ಮನೆಗೆ ಹೋದರು. ನಮ್ಮ ತಲೆಬಿಸಿ ಶುರುವಾದದ್ದು ಅಲ್ಲಿಂದ. ಈಗ ಶುಗರಿಗೆ ಒಬ್ಬರು, ಮಂಡಿಗೆ ಒಬ್ಬರು, ಥೈರಾಯ್ಡಿಗೆ ಮೆಡಿಕಲ್ ಶಾಪಿನಲ್ಲಿ ಹಳೆ ಚೀಟಿ ತೋರಿಸಿ ಅದೇ ಮಾತ್ರೆ. ಎಲ್ಲವನ್ನೂ ಒಟ್ಟಿಗೆ ನೋಡುವ ಒಬ್ಬರು ಬೇಕು.

ಪಕ್ಕದ ಮನೆಯವರು ಒಂದು ಹೊಸ ಕ್ಲಿನಿಕ್ ಹೇಳಿದರು. ಹೋಗಿ ಬಂದೆವು. ಬೋರ್ಡಿನಲ್ಲಿ ಹೆಸರಿಗಿಂತ ಡಿಗ್ರಿಯೇ ಉದ್ದ. ಎಂ.ಡಿ. ಅಂತ ಉಂಟು, ಯಾವುದರಲ್ಲಿ ಅಂತ ಇಲ್ಲ. ಕೆಳಗೆ "ಶುಗರ್, ಹಾರ್ಟ್, ಥೈರಾಯ್ಡ್ ಸ್ಪೆಷಲಿಸ್ಟ್". ಡಾಕ್ಟರು ಚೆನ್ನಾಗಿಯೇ ಮಾತಾಡಿದರು, ಸುಳ್ಳು ಹೇಳಬಾರದು. ಅಮ್ಮನಿಗೂ ಹಿಡಿಸಿದೆ. ಆದರೆ ಅಣ್ಣ ದುಬೈಯಿಂದ ಫೋನ್ ಮಾಡಿ "ನೀನು ಡಿಗ್ರಿ ನೋಡಿದ್ಯಾ" ಅಂತ ದಿನಾ ಕೇಳುತ್ತಾನೆ. ನೋಡುವುದು ಎಲ್ಲಿ? ಗೂಗಲಿನ ಐದು ಸ್ಟಾರ್ ನಂಬುವ ಹಾಗಿಲ್ಲ. ದಯವಿಟ್ಟು ಯಾವ ಡಾಕ್ಟರ ಹೆಸರೂ ಹಾಕಬೇಡಿ, ನೋಡುವ ದಾರಿ ಹೇಳಿ. ಬೇಕಾದರೆ ಮಣಿಪಾಲ, ಮಂಗಳೂರು ಎಲ್ಲಿಗೂ ಕರ್ಕೊಂಡು ಹೋಗುತ್ತೇನೆ, ಎಕ್ಸ್‌ಪ್ರೆಸ್ ಬಸ್ಸು ಅಮ್ಮನಿಗೆ ಅಭ್ಯಾಸ ಉಂಟು.

ಪಡೀಲ್ ಕ್ರಾಸ್:

ನಾನು ಡಾಕ್ಟರ್ ಅಲ್ಲ, ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ. ಕಾಗದಪತ್ರ ನೋಡಿ ನೋಡಿ ಇಷ್ಟು ಗೊತ್ತಾಗಿದೆ.

ಎಂ.ಡಿ. ಅಂದ ಕೂಡಲೇ ಮೆಡಿಸಿನ್ ಅಂತ ಅಲ್ಲ. ಪೆಥಾಲಜಿಗೂ ಎಂ.ಡಿ., ಫಾರ್ಮಕಾಲಜಿಗೂ ಎಂ.ಡಿ. ಆಯುರ್ವೇದದಲ್ಲಿ ಉಂಟು, ಹೋಮಿಯೋಪತಿಯಲ್ಲೂ ಉಂಟು. ಅವೆಲ್ಲ ಓದಿ ಪಡೆದ ಡಿಗ್ರಿಗಳೇ, ಆದರೆ ನಿಮಗೆ ಬೇಕಾದ್ದು ಬೇರೆ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಎಂ.ಡಿ. ಜನರಲ್ ಮೆಡಿಸಿನ್, ಇಲ್ಲದಿದ್ದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಎನ್‌ಬಿ ಜನರಲ್ ಮೆಡಿಸಿನ್. ಡಿಎನ್‌ಬಿ ಅಂದರೆ ಒಂದು ಕೈ ಕಡಿಮೆ ಅಂತ ಕೆಲವರು ತಿಳಿದಿದ್ದಾರೆ, ಹಾಗೇನೂ ಇಲ್ಲ, ಎರಡೂ ಸಮ. ಡಿ.ಎಂ. ಅಂತ ಇದ್ದರೆ ಎಂ.ಡಿ. ಮೇಲೆ ಇನ್ನೂ ಮೂರು ವರ್ಷ, ಅದು ಹಾರ್ಟ್, ಕಿಡ್ನಿ, ಹಾರ್ಮೋನು ಅಂತ ಒಂದೊಂದಕ್ಕೆ. ಇನ್ನು ಎಫ್ ಅಕ್ಷರದಿಂದ ಶುರುವಾಗುವ ಫೆಲೋಶಿಪ್ಪು, ಡಯಾಬಿಟಿಸ್ ಸರ್ಟಿಫಿಕೇಟು, ಇವುಗಳಲ್ಲಿ ಕೆಲವು ಕೆಲಸದ ಜೊತೆಯಲ್ಲೇ ಮಾಡುವ ಸಣ್ಣ ಕೋರ್ಸುಗಳು. ಕಲಿತದ್ದು ಒಳ್ಳೆಯದೇ, ಆದರೆ ಅದನ್ನು ಎಂ.ಡಿ. ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲು ಚೀಟಿ ತೆಗೆದು ನೋಡಿ. ಅದರಲ್ಲಿ ನೋಂದಣಿ ಸಂಖ್ಯೆ ಇರಬೇಕು. 2002ರ ವೈದ್ಯರ ನಡತೆ ನಿಯಮದಲ್ಲಿ ಅದು ಸ್ಪಷ್ಟ ಉಂಟು: ಕ್ಲಿನಿಕ್ಕಿನಲ್ಲಿ, ಚೀಟಿಯಲ್ಲಿ, ಸರ್ಟಿಫಿಕೇಟಿನಲ್ಲಿ, ದುಡ್ಡಿನ ರಸೀದಿಯಲ್ಲಿ ಕೂಡ ನಂಬರ್ ಹಾಕಬೇಕು. 2023ರ ಆಗಸ್ಟಿನಲ್ಲಿ ಹೊಸ ನಿಯಮ ತಂದರು, ಗಲಾಟೆ ಆಯಿತು, ಅದೇ ತಿಂಗಳು ತಡೆಹಿಡಿದು ಮತ್ತೆ 2002ರದ್ದನ್ನೇ ಇಟ್ಟರು. ನಂಬರ್ ಹಿಂದೆ ಕೆಎಂಸಿ ಅಂತ ಇದ್ದರೆ ಅದು ಕರ್ನಾಟಕ ಮೆಡಿಕಲ್ ಕೌನ್ಸಿಲ್. ನಮ್ಮ ಊರಿನವರು ಅದನ್ನು ನೋಡಿ "ಓ, ಅತ್ತಾವರದ ಕೆಎಂಸಿಯಲ್ಲಿ ಇದ್ದವರು" ಅಂತ ಖುಷಿಪಡುತ್ತಾರೆ, ಅದು ಕಸ್ತೂರ್ಬಾ ಮೆಡಿಕಲ್ ಕಾಲೇಜು, ಬೇರೆಯೇ!

ಆಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ, ಅಂದರೆ ಎನ್‌ಎಂಸಿಯ ವೆಬ್‌ಸೈಟ್. 2020ರಲ್ಲಿ ಹಳೆ ಎಂಸಿಐ, ಅಂದರೆ ಭಾರತೀಯ ವೈದ್ಯಕೀಯ ಮಂಡಳಿಯ ಜಾಗಕ್ಕೆ ಬಂದದ್ದು ಇದೇ. ಅಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಅಂತ ಉಂಟು, ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಹೆಸರು ಹಾಕಿ ಹುಡುಕಬೇಡಿ ಮಾರಾಯ್ರೇ. ಶೆಟ್ಟಿ, ರಾವ್, ಭಟ್, ಪೈ, ಡಿಸೋಜ ಅಂತ ಹಾಕಿದರೆ ಪುಟಗಟ್ಟಲೆ ಬರುತ್ತದೆ. ಹೆಂಗಸರದ್ದು ಮದುವೆಗೆ ಮೊದಲಿನ ಹೆಸರಲ್ಲಿ ಇರುವುದೂ ಉಂಟು. ನಂಬರ್ ಮತ್ತು ಕೌನ್ಸಿಲ್ ಹಾಕಿ. ಒಂದೇ ನಂಬರ್ ಬೇರೆ ರಾಜ್ಯದಲ್ಲಿ ಬೇರೆಯವರಿಗೆ ಇರುತ್ತದೆ, ಅದಕ್ಕೆ ಕೌನ್ಸಿಲ್ ಆರಿಸಲು ಮರೆಯಬೇಡಿ. ಡಿಗ್ರಿ, ವರ್ಷ, ವಿಶ್ವವಿದ್ಯಾಲಯ ಬರುತ್ತದೆ.

ಹಿರಿಯ ಡಾಕ್ಟರ ಡಿಗ್ರಿ ಮೈಸೂರು ಅಥವಾ ಮಂಗಳೂರು ವಿಶ್ವವಿದ್ಯಾಲಯದ್ದು ಅಂತ ಕಂಡರೆ ಗಾಬರಿ ಬೇಡ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಬಂದದ್ದೇ 1996ರಲ್ಲಿ, ಅದಕ್ಕೆ ಮೊದಲು ಮೆಡಿಕಲ್ ಡಿಗ್ರಿ ಕೊಡುತ್ತಿದ್ದದ್ದು ಆ ಹಳೆ ವಿಶ್ವವಿದ್ಯಾಲಯಗಳೇ. ಮತ್ತೆ, ಎಂಬಿಬಿಎಸ್ ಮಾತ್ರ ಕಂಡು ಎಂ.ಡಿ. ಕಾಣದಿದ್ದರೆ ಕೂಡಲೇ ಕಳ್ಳ ಅಂತ ತೀರ್ಮಾನ ಮಾಡಬೇಡಿ. ಮೇಲಿನ ಡಿಗ್ರಿಯನ್ನು ಡಾಕ್ಟರೇ ಕೌನ್ಸಿಲಿಗೆ ಕೊಟ್ಟು ಸೇರಿಸಬೇಕು, ಕೆಲವರು ತಡ ಮಾಡುತ್ತಾರೆ. ಹಾಗಿದ್ದರೆ ನೇರ ಕೇಳಿ, "ಎಂ.ಡಿ. ಎಲ್ಲಿ ಮಾಡಿದ್ದು ಡಾಕ್ಟ್ರೇ?" ಅಂತ. ಓದಿದವರು ಖುಷಿಯಿಂದ ಹೇಳುತ್ತಾರೆ.

ಆಯುರ್ವೇದ, ಹೋಮಿಯೋಪತಿಯವರ ಹೆಸರು ಈ ರಿಜಿಸ್ಟರಿನಲ್ಲಿ ಇರುವುದಿಲ್ಲ, ಅವರಿಗೆ ಬೇರೆ ಮಂಡಳಿ. ಕ್ಲಿನಿಕ್ಕಿಗೆ ಕೆಪಿಎಂಇ ಅಂತ ಇನ್ನೊಂದು ನೋಂದಣಿ ಬೇಕು, ಕರ್ನಾಟಕದ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ 2007ರ ಕಾಯ್ದೆ, ಅದರ ಸರ್ಟಿಫಿಕೇಟ್ ಗೋಡೆಯಲ್ಲಿ ಕಾಣಬೇಕು. ಆದರೆ ಅದು ಕ್ಲಿನಿಕ್ಕಿನ ಪರವಾನಗಿ, ಡಾಕ್ಟರ ಓದು ಎಷ್ಟು ಅಂತ ಅದರಿಂದ ಗೊತ್ತಾಗುವುದಿಲ್ಲ.

ಹಳೆ ಬಂದರು:

ಇಷ್ಟೆಲ್ಲ ಯಾಕೆ? ಯಾವ ಕ್ಲಿನಿಕ್ಕಿನ ಹೊರಗೆ ಚಪ್ಪಲಿ ಜಾಸ್ತಿ ಉಂಟೋ ಅಲ್ಲಿಗೆ ಹೋಗಿ. ನಮ್ಮ ಕಾಲದಲ್ಲಿ ಡಾಕ್ಟರ ನಂಬರ್ ಯಾರು ಕೇಳುತ್ತಿದ್ದರು? ಕೈಗುಣ ನೋಡುತ್ತಿದ್ದರು, ಅಷ್ಟೇ.

ಬ್ರಹ್ಮಾವರದ ಸೊಸೆ:

ಹಳೆ ಬಂದರು ಅವರೇ, ಕೈಗುಣ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಚಪ್ಪಲಿ ಲೆಕ್ಕ ಹಾಕಿ ಹೋದರೆ ಇಂಜೆಕ್ಷನ್, ಗ್ಲೂಕೋಸ್ ಕೂಡಲೇ ಹಾಕುವವರೇ ಸಿಗುತ್ತಾರೆ. ನಮ್ಮ ಅತ್ತೆಗೆ ಆದದ್ದು ಹೇಳುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ. ಮೂಳೆಗೆ ಅಂತ ಬೇರೆ ಡಾಕ್ಟರು ಕೊಟ್ಟ ಕ್ಯಾಲ್ಸಿಯಂ ಕೂಡ ಅದರ ಜೊತೆಗೇ, ಒಂದೇ ಗ್ಲಾಸು ನೀರಿನಲ್ಲಿ. ಥೈರಾಯ್ಡ್ ಟೆಸ್ಟು ಸರಿ ಬರುವುದಿಲ್ಲ, ಡೋಸ್ ಏರಿಸುತ್ತಾ ಹೋದರು. ಕೊನೆಗೆ ಒಬ್ಬ ಮೆಡಿಸಿನ್ ಡಾಕ್ಟರು ಎಲ್ಲ ಮಾತ್ರೆ ಮೇಜಿನ ಮೇಲೆ ಸುರಿಸಿ, ಯಾವುದು ಎಷ್ಟು ಗಂಟೆಗೆ ಅಂತ ಕೇಳಿದರು. ಕ್ಯಾಲ್ಸಿಯಂ ಒಟ್ಟಿಗೆ ತೆಗೆದುಕೊಂಡರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಸೇರುವುದಿಲ್ಲ, ನಾಲ್ಕು ಗಂಟೆ ಅಂತರ ಬೇಕು ಅಂದರು. ಸಮಯ ಬದಲಾಯಿಸಿದರು, ಅಷ್ಟೇ. ಮೊದಲು ನೋಡಿದವರೂ ಓದಿದವರೇ, ಡಿಗ್ರಿಗೆ ಏನೂ ಕಡಿಮೆ ಇರಲಿಲ್ಲ. ಯಾರೂ ಉಳಿದ ಮಾತ್ರೆ ಕೇಳಲಿಲ್ಲ, ಅದು ತೊಂದರೆ.

ಹಾಗಾಗಿ ಪಡೀಲ್ ಕ್ರಾಸ್ ಹೇಳಿದ್ದನ್ನು ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅಮ್ಮನ ಎಲ್ಲ ಮಾತ್ರೆ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಸ್ಟ್ರಿಪ್ ಸಮೇತ. ಮಂಡಿ ನೋವಿಗೆ ತಿನ್ನುವ ಮಾತ್ರೆ ಖಂಡಿತ ತೋರಿಸಿ. ನೋವಿನ ಮಾತ್ರೆ ಕೆಲವು ಬಿಪಿ ಏರಿಸುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ, ಶುಗರ್ ಇರುವವರಿಗೆ ಮೊದಲೇ ಕಿಡ್ನಿ ಹುಷಾರು ಬೇಕು. ಡಾಕ್ಟರು ಚೀಲ ನೋಡುತ್ತಾರಾ, ಕಿಡ್ನಿಗೆ ಮಾಡುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು ಅಂತ ಕೇಳುತ್ತಾರಾ, ಕಾಲಿನ ಪಾದ ನೋಡುತ್ತಾರಾ ಗಮನಿಸಿ. ಹೊಸ ಮಾತ್ರೆ ಬರೆಯುವ ಮೊದಲು ಹಳೆಯದು ಒಂದನ್ನಾದರೂ ನಿಲ್ಲಿಸುವ ಯೋಚನೆ ಮಾಡುವವರು ನನಗೆ ಇಷ್ಟ. ಇದು ನನ್ನ ಅಭಿಪ್ರಾಯ ಅಷ್ಟೇ.

ಇನ್ನೊಂದು, ಮೆಡಿಕಲ್ ಕಾಲೇಜು ಆಸ್ಪತ್ರೆ ಬಿಟ್ಟುಬಿಡಬೇಡಿ. ಮಣಿಪಾಲ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆ, ಕುಂಟಿಕಾನ, ಈ ಕರಾವಳಿಯಲ್ಲಿ ಇರುವಷ್ಟು ಮೆಡಿಕಲ್ ಕಾಲೇಜು ಬೇರೆ ಎಲ್ಲಿ ಉಂಟು ಹೇಳಿ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೂ ಕೆಎಂಸಿ ಕಾಲೇಜಿನ ಪ್ರೊಫೆಸರುಗಳೇ ನೋಡುತ್ತಾರೆ. ಅಲ್ಲಿ ಎಂ.ಡಿ. ಇದೆಯಾ ಅಂತ ನೀವು ಪತ್ತೇದಾರಿ ಮಾಡಬೇಕಾಗಿಲ್ಲ. ಕಷ್ಟ ಏನೆಂದರೆ ಮೊದಲು ಎಂ.ಡಿ. ಓದುತ್ತಿರುವ ಪಿಜಿ ಮಕ್ಕಳು ನೋಡುತ್ತಾರೆ, ಮುಂದಿನ ಸಲ ಹೋದಾಗ ಬೇರೆ ಮುಖ. ಅದಕ್ಕೆ ಒಂದು ಉಪಾಯ ಉಂಟು. ಮೆಡಿಸಿನ್ ವಿಭಾಗದಲ್ಲಿ ಯೂನಿಟ್ ಅಂತ ಇರುತ್ತದೆ, ಪ್ರತಿ ಯೂನಿಟಿಗೆ ಒಪಿಡಿ ದಿನ ಗೊತ್ತು ಮಾಡಿರುತ್ತಾರೆ. ಮೊದಲ ಸಲ ಯಾವ ಯೂನಿಟ್ ಅಂತ ಫೈಲಿನಲ್ಲಿ ನೋಡಿ, ಮುಂದೆಯೂ ಆ ಯೂನಿಟಿನ ಒಪಿಡಿ ದಿನವೇ ಹೋಗಿ. ಆಗ ಮೇಲಿನ ಡಾಕ್ಟರು ಅವರೇ ಸಿಗುತ್ತಾರೆ. ಎರಡು ಮೂರು ಸಲ ಆದ ಮೇಲೆ ಗುರುತು ಹಿಡಿಯುತ್ತಾರೆ. ಕಾಯುವುದು ಮಾತ್ರ ಉಂಟು, ತಿಂಡಿ ಕಟ್ಟಿಕೊಂಡು ಹೋಗಿ.

ಶಂಕರಪುರ ಮಲ್ಲಿಗೆ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನಮ್ಮ ಅಮ್ಮನೂ ಕ್ಯಾಲ್ಸಿಯಂ ಬೆಳಿಗ್ಗೆಯೇ ತಿನ್ನುತ್ತಿದ್ದಾರೆ! ಅದನ್ನೂ ಕೇಳುತ್ತೇನೆ.

ಚೀಟಿಯಲ್ಲಿ ನಂಬರ್ ಇತ್ತು, ಸಣ್ಣ ಅಕ್ಷರದಲ್ಲಿ. ರಿಜಿಸ್ಟರಿನಲ್ಲಿ ಹೆಸರು ಸಿಕ್ಕಿತು, ಕರ್ನಾಟಕ ಕೌನ್ಸಿಲ್. ಆದರೆ ಎಂಬಿಬಿಎಸ್ ಅಂತ ಇಲ್ಲವೇ ಇಲ್ಲ, ಡಿಗ್ರಿ ಜಾಗದಲ್ಲಿ "ಎಂ.ಡಿ. ಫಿಸಿಶಿಯನ್", ವಿಶ್ವವಿದ್ಯಾಲಯ ರಷ್ಯಾದ್ದು. ಅಣ್ಣ ನೋಡಿ "ಫಿಸಿಶಿಯನ್ ಅಂತ ಬರೆದೇ ಉಂಟಲ್ಲ, ಸರಿ ಉಂಟು" ಅಂದ. ಸರಿಯಾ?

ಪಡೀಲ್ ಕ್ರಾಸ್:

ಅಣ್ಣನಿಗೆ ಸ್ವಲ್ಪ ನಿಲ್ಲಲಿಕ್ಕೆ ಹೇಳಿ. ರಷ್ಯಾ ಕಡೆ ಡಾಕ್ಟರ್ ಓದಿನ ಮೊದಲ ಡಿಗ್ರಿಯ ಹೆಸರೇ ಎಂ.ಡಿ. ಫಿಸಿಶಿಯನ್. ನಮ್ಮ ಎಂಬಿಬಿಎಸ್‌ಗೆ ಸಮ ಅದು, ನಮ್ಮ ಎಂ.ಡಿ. ಜನರಲ್ ಮೆಡಿಸಿನ್‌ಗೆ ಅಲ್ಲ. ಅವರು ಡಾಕ್ಟರೇ, ನಕಲಿ ಅಲ್ಲ, ರಿಜಿಸ್ಟರಿನಲ್ಲಿ ಇದ್ದಾರೆ. ಆದರೆ ಸ್ಪೆಷಲಿಸ್ಟ್ ಅಂತ ಬೋರ್ಡು ಹಾಕಬೇಕಾದರೆ ಆ ವಿಷಯದಲ್ಲಿ ವಿಶೇಷ ಡಿಗ್ರಿ ಇರಬೇಕು ಅಂತ ಅದೇ 2002ರ ನಿಯಮ ಹೇಳುತ್ತದೆ.

ಜಾರ್ಜಿಯಾ ರಿಟರ್ನ್:

ನಾನು ಹೊರಗೆ ಓದಿ ಬಂದವನು, ಹಾಗಾಗಿ ಒಂದು ಮಾತು. ನಮ್ಮನ್ನು ಕಂಡರೆ ಸಂಶಯ ಪಡುವುದು ಜನರಿಗೆ ಅಭ್ಯಾಸ ಆಗಿಬಿಟ್ಟಿದೆ. ಇಲ್ಲಿಗೆ ಬಂದ ಮೇಲೆ ಎಫ್‌ಎಂಜಿಇ ಪರೀಕ್ಷೆ ಪಾಸಾಗದೆ ನೋಂದಣಿ ಸಿಗುವುದಿಲ್ಲ, ಅದರಲ್ಲಿ ಪಾಸಾಗುವವರಿಗಿಂತ ಫೇಲ್ ಆಗುವವರೇ ಜಾಸ್ತಿ. ಸುಮ್ನೆ ಸಿಕ್ಕಿದ ನಂಬರ್ ಅಲ್ಲ ಅದು. ಬಿಪಿ, ಶುಗರ್ ಕಂಟ್ರೋಲಿನಲ್ಲಿದ್ದರೆ ಒಳ್ಳೆ ಎಂಬಿಬಿಎಸ್ ಡಾಕ್ಟರು ಸಾಕು, ನಿಮ್ಮ ಊರಿನ ಹಳೆ ಡಾಕ್ಟರು ಕೂಡ ಬಹುಶಃ ಎಂಬಿಬಿಎಸ್ಸೇ ಇರಬೇಕು, ಅವರನ್ನು ಯಾರೂ ಕೇಳಲಿಲ್ಲ ಅಲ್ವಾ?

ಆದರೆ ಎಂ.ಡಿ. ಅಂತ ಮಾತ್ರ ಹಾಕಿ, ಕೆಳಗೆ ಸ್ಪೆಷಲಿಸ್ಟ್ ಅಂತ ಬರೆಯುವುದು ತಪ್ಪು. ನನ್ನ ಜೊತೆ ಓದಿದವರಿಗೂ ಇದನ್ನೇ ಹೇಳುತ್ತೇನೆ, ಕೆಲವರಿಗೆ ಸಿಟ್ಟು ಬರುತ್ತದೆ. ಬೋರ್ಡಿನಲ್ಲಿ ಒಂದು ಸಾಲು ಕಡಿಮೆ ಮಾಡಿದರೆ ಪೇಷಂಟ್ ಓಡಿಹೋಗುವುದಿಲ್ಲ.

ಹಳೆ ಬಂದರು:

ಸರಿ ಮಾರಾಯ್ರೇ, ಒಪ್ಪಿದೆ. ನನ್ನ ಡಾಕ್ಟರ ನಂಬರೂ ಹಾಕಿ ನೋಡಿದೆ, ಮೊಮ್ಮಗಳು ತೋರಿಸಿದಳು. ಎಂ.ಡಿ. ಜನರಲ್ ಮೆಡಿಸಿನ್, 1988. ಚಪ್ಪಲಿ ಲೆಕ್ಕವೂ ಸರಿಯಾಗಿಯೇ ಇತ್ತು.

ಬ್ರಹ್ಮಾವರದ ಸೊಸೆ:

ಮಲ್ಲಿಗೆಯವರೇ, ಎರಡೂ ಇಟ್ಟುಕೊಳ್ಳಿ. ವರ್ಷಕ್ಕೆ ಒಂದೆರಡು ಸಲ ದೊಡ್ಡ ಆಸ್ಪತ್ರೆಯ ಮೆಡಿಸಿನ್ ಒಪಿಡಿ, ಅಲ್ಲಿ ಮಾತ್ರೆ ಎಲ್ಲ ಸರಿ ಮಾಡಿಸಿ. ನಡುವೆ ಬಿಪಿ ನೋಡಿಸಲು, ಶೀತ ಜ್ವರಕ್ಕೆ ಹತ್ತಿರದ ಈ ಡಾಕ್ಟರು. ಆ ಚೀಟಿ ಇವರಿಗೆ, ಇವರ ಚೀಟಿ ಅಲ್ಲಿಗೆ ತೋರಿಸಿ. ಮಳೆಗಾಲದಲ್ಲಿ ಜೋರು ಜ್ವರ ಬಂದರೆ ಮಾತ್ರ ಕಾಯಬೇಡಿ, ನಮ್ಮ ಕಡೆ ಇಲಿ ಜ್ವರ, ಡೆಂಗಿ ಎರಡೂ ಉಂಟು, ನೇರ ದೊಡ್ಡ ಆಸ್ಪತ್ರೆಗೆ.

ಶಂಕರಪುರ ಮಲ್ಲಿಗೆ:

ಇದು ಸರಿ ಕಾಣುತ್ತದೆ. ಅಮ್ಮನಿಗೂ ಬೇಜಾರಾಗುವುದಿಲ್ಲ. ನಾಳೆ ಮಣಿಪಾಲಕ್ಕೆ ಫೋನ್ ಮಾಡಿ ಮೆಡಿಸಿನ್ ಒಪಿಡಿ ಯಾವ ದಿನ ಯಾವ ಯೂನಿಟ್ ಅಂತ ಕೇಳುತ್ತೇನೆ. ಮಾತ್ರೆ ಚೀಲ ಈಗಲೇ ಕಟ್ಟಿಟ್ಟಿದ್ದೇನೆ, ಅದರಲ್ಲಿ ಡೇಟ್ ಮುಗಿದದ್ದೇ ಅರ್ಧ ಉಂಟು.