ಡಿಕಾಯ್‌ಗೆ ಕನ್ನಡದಲ್ಲಿ ಏನಂತೀರಿ? ‘ದೀವ’ ಸರಿಹೋಗತ್ತಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ವರ್ಮಾಂಟಿನ ಶೆಲ್ಬರ್ನ್ ಮ್ಯೂಸಿಯಮ್ ಬಗ್ಗೆ ನಮ್ಮ ಕನ್ನಡ ಕೂಟದ ಸಂಚಿಕೆಗೆ ಬರೀತಿದೀನಿ, ಡಿಕಾಯ್, ಅಂದ್ರೆ ಬೇಟೆಗೆ ಹಕ್ಕಿಗಳನ್ನ ಸೆಳೆಯೋ ಹುಸಿ ಹಕ್ಕಿ, ಅನ್ನೋ ಪದದ ಹತ್ರ ಬಂದು ನಿಂತುಬಿಟ್ಟಿದೀನಿ.

ಎಲೆಕ್ಟ್ರಾ ಹ್ಯಾವ್‌ಮೇಯರ್ ವೆಬ್ ಅನ್ನೋರು 1947ರಲ್ಲಿ ಶುರು ಮಾಡಿದ ಜಾಗ ಇದು. ಅಪ್ಪ ಅಮ್ಮ ಮೊನೆ, ದೆಗಾ ಅನ್ನೋ ಫ್ರೆಂಚ್ ಕಲಾವಿದರ ಚಿತ್ರಗಳನ್ನ ಕೊಂಡವರು, ಮಗಳು ಕೊಂಡಿದ್ದು ಅಂಗಡಿ ಮುಂದಿನ ಮರದ ಗೊಂಬೆ, ಕೌದಿ, ಗಾಳಿ ದಿಕ್ಕು ತೋರ್ಸೋ ತಗಡಿನ ಕೋಳಿ, ಕೊನೆಗೆ 220 ಅಡಿ ಉದ್ದದ ಟೈಕಾಂಡರೋಗಾ ಅನ್ನೋ ಸ್ಟೀಮರನ್ನೇ ಕೆರೆಯಿಂದ ಎತ್ತಿ ನೆಲದ ಮೇಲೆ ಎರಡು ಮೈಲಿ ಎಳೆಸಿ ತಂದ್ರು. ಮಧ್ಯಾಹ್ನವೆಲ್ಲ ಓಡಾಡಿದ್ರೂ ಮನಸ್ಸು ತುಂಬಲಿಲ್ಲ, ಅಷ್ಟು ಚೆನ್ನಾಗಿದೆ.

ನಾನು ಜಾಸ್ತಿ ಹೊತ್ತು ನಿಂತಿದ್ದು ಡಿಕಾಯ್‌ಗಳ ಮುಂದೆ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಬಾತುಕೋಳಿಗಳು. ಇವನ್ನ ನೀರಲ್ಲಿ ತೇಲಿಬಿಟ್ಟು ಬೇಟೆಗಾರ ಮರೆಯಲ್ಲಿ ಕೂರ್ತಿದ್ದ, ಮೇಲೆ ಹಾರೋ ಹಕ್ಕಿಗಳು ನಮ್ಮವರೇ ಇದಾರೆ ಅಂತ ಇಳೀತಿದ್ವು. ಮಗುಚದೆ ಇರ್ಲಿ ಅಂತ ಹೊಟ್ಟೆ ಅಡಿಗೆ ಸೀಸದ ತುಂಡು ಹೊಡೀತಿದ್ರು. ಮ್ಯಾಸಚೂಸೆಟ್ಸ್‌ನ ಎಲ್ಮರ್ ಕ್ರೋವೆಲ್ ಕೆತ್ತಿದ ಹಕ್ಕಿಗಳಲ್ಲಂತೂ ಗರಿಯ ಮೇಲೆ ಗರಿ ಕೂತಿರೋದು ಬರೀ ಕುಂಚದಲ್ಲೇ ಕಾಣತ್ತೆ. 1918ರ ವಲಸೆ ಹಕ್ಕಿಗಳ ಕಾಯ್ದೆ ಬಂದು ಮಾರಾಟಕ್ಕೆ ಹಕ್ಕಿ ಹೊಡೆಯೋದು ನಿಂತ ಮೇಲೆ ಈ ಕಸುಬಿನ ಸಾಮಾನನ್ನ ಜನ ಕಲೆ ಅಂತ ಕೂಡಿಡೋಕೆ ಶುರು ಮಾಡಿದ್ರು.

ಈಗ ಪ್ರಶ್ನೆ. ಕ್ವಿಲ್ಟ್‌ಗೆ ಕೌದಿ ಅಂತ ಕಣ್ಮುಚ್ಚಿ ಬರೆದೆ, ಉತ್ತರ ಕರ್ನಾಟಕದವರು ಒಪ್ತೀರಿ ಅನ್ಕೊಂಡಿದೀನಿ. ಡಿಕಾಯ್‌ಗೆ ‘ಮೋಸದ ಬಾತು’ ಅಂದ್ರೆ ಆ ಕೆತ್ತನೆಗೆ ಅವಮಾನ, ‘ಮರದ ಬಾತು’ ಅಂದ್ರೆ ಮಕ್ಕಳ ಆಟಿಕೆ ಥರ ಕೇಳ್ಸತ್ತೆ. ಹಳಗನ್ನಡದಲ್ಲಿ ದೀವ, ದೀಹ ಅಂತ ಇದೆಯಲ್ಲ, ಪಳಗಿಸಿದ ಜಿಂಕೆ ಮುಂದೆ ಬಿಟ್ಟು ಕಾಡಿನ ಜಿಂಕೆ ಹಿಡಿಯೋದು, ಅದೇ ನನಗೆ ಹತ್ರ ಅನ್ಸತ್ತೆ. ಆದ್ರೆ ಅದು ಜೀವ ಇರೋ ಪ್ರಾಣಿ, ಕೆತ್ತಿದ ಹಕ್ಕಿಗೂ ಹೇಳಬಹುದಾ? ‘ದೀವದ ಬಾತು’ ಅಂದ್ರೆ ಓದೋರಿಗೆ ತಿಳಿಯತ್ತಾ?

ಇನ್ನೊಂದು, ನಮ್ಮ ಕಡೆ ಸಾಕಿದ ಕೌಜುಗವನ್ನ ಪಂಜರದಲ್ಲಿಟ್ಟು ಕೂಗಿಸಿ ಕಾಡು ಕೌಜುಗ ಹಿಡೀತಿದ್ರು. ಆ ಸಾಕಿದ ಹಕ್ಕಿಗೆ ನಿಮ್ಮೂರಲ್ಲಿ ಏನಂತಿದ್ರು? ಗೊತ್ತಿರೋರು ಊರಿನ ಹೆಸರು ಸಮೇತ ಬರೀರಿ.