ಆರಾಮ ಕೊಡುವ ಮಾತ್ರೆಯನ್ನೇ ಯಾಕೆ ಕಡಿಮೆ ಮಾಡುತ್ತಾರೆ?

ಮಲೆನಾಡ ಹುಡುಗಿ: ಆತಂಕ ವಿಪರೀತ ಆಗಿ ಅಣ್ಣನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದೇವೆ. ಆತಂಕ, ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್ ಮಾತ್ರೆ, ಜೊತೆಗೆ ಮನಸ್ಸು ಶಾಂತ ಮಾಡುವ ಕ್ಲೋನಾಜೆಪಾಮ್ ಕೊಡುತ್ತಿದ್ದಾರೆ. ಎರಡನೆಯದು ನುಂಗಿದ ಸ್ವಲ್ಪ ಹೊತ್ತಿಗೇ ಸಮಾಧಾನ ಆಗುತ್ತದೆ, ಈಗ ಅದನ್ನೇ ಇಳಿಸುತ್ತಾರಂತೆ. ಯಾಕೆ?

ಗುಳಿಗೆ ಮಾಸ್ತರ: ಅದು ಬೇಗ ಹಿಡಿಯುತ್ತದೆ, ಆದರೆ ವಾರಗಟ್ಟಲೆ ತಗೊಂಡರೆ ದೇಹಕ್ಕೆ ರೂಢಿಯಾಗಿ, ಆಮೇಲೆ ಬಿಡುವುದೇ ಕಷ್ಟ. ಎಸಿಟಲೋಪ್ರಾಮ್ ಸರಿಯಾಗಿ ಕೆಲಸ ಮಾಡಲು 2ರಿಂದ 6 ವಾರ ಬೇಕು, ಶುರುವಿನಲ್ಲಿ ಕೆಲವರಿಗೆ ಚಡಪಡಿಕೆ ಜಾಸ್ತಿಯೂ ಆಗಬಹುದು. ಆ ಮಧ್ಯದ ದಿನಗಳಿಗೆ ಮಾತ್ರ ಕ್ಲೋನಾಜೆಪಾಮ್ ಆಸರೆ. ಮನೆಗೆ ಬಂದ ಮೇಲೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು.

ಹಳೇ ನರ್ಸ್: ಅಣ್ಣ ಕುಡಿಯುತ್ತಾರಾ? ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಮದ್ಯದ ಜೊತೆ ಕ್ಲೋನಾಜೆಪಾಮ್ ಸೇರಿದರೆ ಉಸಿರಾಟಕ್ಕೇ ಕುತ್ತು. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ, ಅದು ಹೆಚ್ಚಾದರೂ ಎದೆ ಹೀಗೇ ಡವಡವ ಅನ್ನುತ್ತದೆ.

ಮಲೆನಾಡ ಹುಡುಗಿ: ಕುಡಿಯುವುದಿಲ್ಲ. ಅಂಗಡಿಯವರು ನಿದ್ದೆ ಮಾತ್ರೆ ಸುಮ್ನೆ ಕೊಡುತ್ತಿದ್ದರು, ಅದನ್ನು ಹೇಳಿರಲಿಲ್ಲ.

ಗುಳಿಗೆ ಮಾಸ್ತರ: ಅದನ್ನೇ ಮೊದಲು ಹೇಳಬೇಕಿತ್ತು ಅಲ್ವಾ! ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೇ ತೋರಿಸಿ. ಡಿಸ್ಚಾರ್ಜ್ ಆದ ಮೇಲೆ ಮಾತನಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.