ಬ್ರೂಟಸನ ಟೋಪಿ, ಬ್ರೂಟಸನ ತಲೆ

ಗುಂಪು: ಮನೆ ಮಂದಿ

ದೊಡ್ಡಪ್ಪ: (ಫಾರ್ವರ್ಡ್) ಎರಡು ಕಠಾರಿ, ನಡುವೆ ಒಂದು ಟೋಪಿ. ರೋಮಿನ ಸರ್ವಾಧಿಕಾರಿ ಸೀಸರನನ್ನು ಕೊಂದ ಬ್ರೂಟಸ್ ಹೊರಡಿಸಿದ ಸ್ವಾತಂತ್ರ್ಯದ ನಾಣ್ಯ! ಅಧಿಕಾರದ ಆಸೆಯೇ ಇಲ್ಲದ ಮಹಾನುಭಾವ. 10 ಗುಂಪಿಗೆ ಕಳಿಸಿ 🙏

ಗಿರಿ: ದೊಡ್ಡಪ್ಪ, ಇದು ಹಿಂಬದಿ. ಮುಂಬದಿಯ ಫೋಟೊ ಎಲ್ಲಿ?

ದೊಡ್ಡಪ್ಪ: ನನಗೆ ಬಂದದ್ದು ಇಷ್ಟೇ ಕಣೋ. ಯಾಕೆ, ಅದರಲ್ಲೇನಿದೆ?

ಗಿರಿ: ಬ್ರೂಟಸನದೇ ತಲೆ! ಸುತ್ತ ಅವನದೇ ಹೆಸರು. ಬದುಕಿರುವಾಗಲೇ ರೋಮ್ ನಗರದ ಟಂಕಸಾಲೆಯ ನಾಣ್ಯದಲ್ಲಿ ಮುಖ ಹಾಕಿಸಿಕೊಂಡ ಮೊದಲಿಗ ಸೀಸರ್. ರಾಜನಾಗಲು ಹೊರಟಿದ್ದಾನೆ ಅಂತ ಕ್ರಿ.ಪೂ. 44ರಲ್ಲಿ ಅವನನ್ನು ಇರಿದರು. ಮೂರು ವರ್ಷ ತುಂಬುವ ಮೊದಲೇ ಬ್ರೂಟಸನ ಮುಖವೂ ನಾಣ್ಯಕ್ಕೆ ಬಂತು 😄

ಸರೋಜತ್ತೆ: ಅದೇನೋ ಟೋಪಿ, ಅರ್ಧ ಮೊಟ್ಟೆ ಮಗುಚಿಟ್ಟ ಹಾಗಿದೆಯಲ್ಲ?

ನಾನು: ಅದು ಪಿಲಿಯಸ್ ಅತ್ತೆ. ಬಿಡುಗಡೆ ಸಿಕ್ಕ ಗುಲಾಮರು ಹಾಕಿಕೊಳ್ಳುತ್ತಿದ್ದದ್ದು. ಕೆಳಗಿರುವ ಅಕ್ಷರ 'ಈಡ್ ಮಾರ್'. ಅಂದರೆ ಮಾರ್ಚ್ 15, ಕೊಲೆಯ ತಾರೀಕು. ಕಠಾರಿಗಳ ಹಿಡಿ ನೋಡಿ, ಒಂದರ ಹಾಗೆ ಇನ್ನೊಂದಿಲ್ಲ.

ಸರೋಜತ್ತೆ: ಕೊಲೆ ಮಾಡಿ ತಾರೀಕು ಬೇರೆ ಅಚ್ಚು ಹಾಕಿಸಿದ್ದಾನೆ, ಶಿವನೇ.

ದೊಡ್ಡಪ್ಪ: ಸುಮ್ನೆ ಆಡಬೇಡಿ. ಸೈನಿಕರಿಗೆ ಸಂಬಳ ಕೊಡಬೇಕಲ್ಲ, ಕೊಡುವವನು ಯಾರು ಅಂತ ಗೊತ್ತಾಗಬೇಡವೇ? ಸೀಸರನ ಕಡೆಯ ಆಂಟನಿ, ಆಕ್ಟೇವಿಯನ್ ಮುಖ ಹಾಕಿಸಿಕೊಂಡಿರಲಿಲ್ಲವೇ?

ನಾನು: ದೊಡ್ಡಪ್ಪ ಹೇಳುವುದರಲ್ಲೂ ಅರ್ಥ ಇದೆ ಗಿರಿ. ಕ್ರಿ.ಪೂ. 54ರ ಸುಮಾರಿಗೆ ಇದೇ ಬ್ರೂಟಸ್ ಟಂಕಸಾಲೆ ಅಧಿಕಾರಿ. ಆಗಿನ ಅವನ ನಾಣ್ಯದಲ್ಲಿ ಒಂದು ಕಡೆ ಸ್ವಾತಂತ್ರ್ಯದ ದೇವತೆ ಲಿಬರ್ಟಾಸ್. ಇನ್ನೊಂದು ಕಡೆ ರೋಮಿನಿಂದ ರಾಜರನ್ನು ಓಡಿಸಿದ ಹಳೇ ಬ್ರೂಟಸ್, ಇವನ ಪೂರ್ವಜ ಎನ್ನುವವನು. ಸೇನಾಪತಿ ಪಾಂಪೆ ಸರ್ವಾಧಿಕಾರಿ ಆಗುತ್ತಾನಂತೆ ಅನ್ನೋ ಮಾತು ಓಡಾಡುತ್ತಿದ್ದ ಕಾಲ ಅದು. ಅವನ ಸ್ವಾತಂತ್ರ್ಯದ ಮಾತು ಸೀಸರ್ ಮೇಲಿನ ಹೊಟ್ಟೆಕಿಚ್ಚು ಮಾತ್ರ ಅಂತ ಹೇಳೋಕಾಗಲ್ಲ.

ಗಿರಿ: ಹಾಗಾದರೆ ಕೊಲೆಯಲ್ಲಿ ಜೊತೆಗಿದ್ದ ಕ್ಯಾಸಿಯಸ್? ಅವನಿಗೂ ಸೈನ್ಯ ಇತ್ತು, ಸಂಬಳ ಕೊಡುವುದಿತ್ತು. ಲಿಬರ್ಟಾಸ್ ಮುಖ ಹಾಕಿಸಿದ, ತನ್ನದನ್ನು ಹಾಕಿಸಲಿಲ್ಲ.

(ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ… ನಿಂತಿತು… ಮತ್ತೆ ಟೈಪ್ ಮಾಡುತ್ತಿದ್ದಾರೆ…)

ಸರೋಜತ್ತೆ: ನಮ್ಮ ಯಶವಂತಪುರದಲ್ಲೂ ರೋಮಿನ ನಾಣ್ಯ ಸಿಕ್ಕಿತ್ತು, ಅಲ್ವಾ?

ನಾನು: 1891ರಲ್ಲಿ, ಅತ್ತೆ. ಅವು ಆಮೇಲಿನ ಬೆಳ್ಳಿ ನಾಣ್ಯ, ಅಗಸ್ಟಸ್, ಟೈಬೀರಿಯಸ್ ಕಾಲದವು. ಫಿಲಿಪ್ಪಿ ಯುದ್ಧದಲ್ಲಿ ಆಂಟನಿಯ ಜೊತೆ ಸೇರಿ ಬ್ರೂಟಸನನ್ನು ಸೋಲಿಸಿದ ಆಕ್ಟೇವಿಯನ್ನೇ ಮುಂದೆ ಅಗಸ್ಟಸ್ ಆದದ್ದು.

ದೊಡ್ಡಪ್ಪ: ಗಿರಿ, ಆ ಮುಂಬದಿಯ ಫೋಟೊ ಕಳಿಸು. 10 ಗುಂಪಿಗೆ ಆಗಲೇ ಹೋಗಿಬಿಟ್ಟಿದೆ.